ನೆಲೆ ಅರಸಿ ಬಂದವರ ಆರೋಗ್ಯ

ವಿದ್ಯಾರ್ಥಿಗಳೇ, ನೀಲಗಿರಿ ಜಿಲ್ಲೆಯ ಅವಲಾಂಚ್ ಎಂಬ ಸ್ಥಳದ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಉದಕಮಂಡಲದಿಂದ ಎಮರಾಲ್ಡ್ ದಾರಿಯಲ್ಲಿ ಹೋದರೆ ಶೋಲಾ ಕಾಡು, ಹುಲ್ಲುಗಾವಲು ಮತ್ತು ಅಣೆಕಟ್ಟಿನ ನೀರಿನ ನಡುವೆ ಈ ಸ್ಥಳ ಸಿಗುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಒಂದು ದೊಡ್ಡ ಭೂಕುಸಿತವಾಯಿತು. ಆಂಗ್ಲರು ಆ ಕುಸಿತದ ಹೆಸರನ್ನೇ ಸ್ಥಳಕ್ಕೂ ಇಟ್ಟರು. 2019ರ ಆಗಸ್ಟ್ 8ರಂದು ಅವಲಾಂಚ್ ಮತ್ತೊಮ್ಮೆ ದೇಶದ ಗಮನ ಸೆಳೆಯಿತು. ಅಂದು 24 ಗಂಟೆಗಳಲ್ಲಿ ಅಲ್ಲಿ ಸುಮಾರು 82 ಸೆಂಟಿಮೀಟರ್ ಮಳೆ ಬಿತ್ತು. ಚೆನ್ನೈ ನಗರಕ್ಕೆ ಒಂದು ವರ್ಷವಿಡೀ ಬೀಳುವ ಮಳೆಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಳೆ ಅಲ್ಲಿ ಒಂದೇ ದಿನ ಸುರಿಯಿತೆಂದರೆ ಊಹಿಸಿಕೊಳ್ಳಿ. ಜಿಲ್ಲೆಯ ಇಳಿಜಾರುಗಳಲ್ಲಿ ವಾಸವಾಗಿದ್ದ ಎಷ್ಟೋ ಕುಟುಂಬಗಳನ್ನು ಪರಿಹಾರ ಶಿಬಿರಗಳಿಗೆ ಸಾಗಿಸಬೇಕಾಯಿತು.

ಅಂಥ ರಾತ್ರಿಯಲ್ಲಿ ಮನೆ ಬಿಟ್ಟು ಹೊರಡುವವರು ಏನನ್ನು ಕೈಗೆತ್ತಿಕೊಳ್ಳುತ್ತಾರೆ? ಮಗುವನ್ನು, ಹಣವನ್ನು, ಪಡಿತರ ಚೀಟಿಯನ್ನು. ಅಜ್ಜನ ರಕ್ತದೊತ್ತಡದ ಮಾತ್ರೆ ಗೂಡಿನಲ್ಲಿಯೇ ಉಳಿಯುತ್ತದೆ. ಅಜ್ಜಿಯ ಕನ್ನಡಕ, ಮಗುವಿನ ಲಸಿಕೆಯ ಕಾರ್ಡು, ಕ್ಷಯರೋಗಕ್ಕೆ ಔಷಧ ಸೇವಿಸುತ್ತಿರುವವರ ಮಾತ್ರೆಯ ಪೊಟ್ಟಣ ಇವೆಲ್ಲ ನೆನಪಾಗುವುದು ಮರುದಿನ ಬೆಳಿಗ್ಗೆ. ಆದ್ದರಿಂದಲೇ ಶಿಬಿರಕ್ಕೆ ಬರುವ ವೈದ್ಯರು ಮತ್ತು ದಾದಿಯರು ಊಟ, ಹೊದಿಕೆಗಳ ವ್ಯವಸ್ಥೆಯಾದ ಕೂಡಲೇ ಒಬ್ಬೊಬ್ಬರನ್ನೂ ವಿಚಾರಿಸಿಕೊಂಡು ಬರಬೇಕಾಗುತ್ತದೆ.

ಮಳೆಗೆ ಮನೆ ಬಿಟ್ಟವರಲ್ಲಿ ಹೆಚ್ಚಿನವರು ಕೆಲವು ದಿನಗಳ ನಂತರ ತಮ್ಮ ಊರಿಗೆ ಹಿಂದಿರುಗುತ್ತಾರೆ. ಹಿಂದಿರುಗಲು ಊರೇ ಇಲ್ಲದವರ ವಿಷಯ ಬೇರೆ. ನಾಡನ್ನೇ ಬಿಟ್ಟು, ಸಮುದ್ರವನ್ನೋ ಹಿಮಾಲಯವನ್ನೋ ದಾಟಿ, ಕಾಣದ ಊರಿನಲ್ಲಿ ಹೊಸದಾಗಿ ನೆಲೆ ನಿಂತವರು ನಮ್ಮ ನಡುವೆಯೇ ಇದ್ದಾರೆ. ಅವರ ಆರೋಗ್ಯವನ್ನು ಯಾರು, ಯಾವಾಗ, ಯಾತಕ್ಕಾಗಿ ಪರೀಕ್ಷಿಸುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬೆಟ್ಟ ಇಳಿದು ಕಡಲ ತೀರಕ್ಕೆ ಹೋಗಬೇಕು.

ರೈಲಿನಲ್ಲಿ ರಾಮೇಶ್ವರಕ್ಕೆ ಹೋದವರು ಪಾಂಬನ್ ಸೇತುವೆ ಬರುವುದಕ್ಕೆ ಮೊದಲು 'ಮಂಡಪಂ ಕ್ಯಾಂಪ್' ಎಂಬ ನಿಲ್ದಾಣವನ್ನು ನೋಡಿರಬಹುದು. ಊರಿನ ಹೆಸರಿನ ಜೊತೆಗೆ ಕ್ಯಾಂಪ್ ಎಂಬ ಮಾತು ಏಕೆ ಸೇರಿತು? ಅದಕ್ಕೆ ನೂರು ವರ್ಷಗಳಿಗೂ ಹಿಂದಿನ ಕಥೆಯಿದೆ.

19ನೆಯ ಶತಮಾನದಲ್ಲಿ ತಮಿಳುನಾಡಿನ ಬಡ ಜನರು ಸಿಂಹಳ ದ್ವೀಪದ ಕಾಫಿ ತೋಟಗಳಿಗೂ ಆಮೇಲೆ ಚಹಾ ತೋಟಗಳಿಗೂ ಕೂಲಿಗಾಗಿ ಹೋಗುತ್ತಿದ್ದರು. ಕಂಗಾಣಿ ಎಂಬ ಮೇಸ್ತ್ರಿ ಅವರಿಗೆ ಮುಂಗಡ ಕೊಟ್ಟು ಗುಂಪು ಕಟ್ಟಿ ಕರೆದೊಯ್ಯುತ್ತಿದ್ದನು. ಆರಂಭದ ದಿನಗಳಲ್ಲಿ ದೋಣಿಯಿಂದ ಮನ್ನಾರ್ ಕರಾವಳಿಯಲ್ಲಿ ಇಳಿದವರು ಕಾಡುಗಳ ನಡುವೆ ಕಾಲ್ನಡಿಗೆಯಲ್ಲಿಯೇ ಮಲೆನಾಡನ್ನು ಸೇರಬೇಕಾಗಿತ್ತು. ಕಾಲರಾ, ಸಿಡುಬು, ಜ್ವರ ಮತ್ತು ಹಸಿವಿನಿಂದ ದಾರಿಯಲ್ಲಿಯೇ ಬಿದ್ದವರು ಬಹಳ ಮಂದಿ. ರೋಗವು ಕೂಲಿಗಳ ಜೊತೆಗೇ ದ್ವೀಪವನ್ನು ಸೇರುತ್ತದೆ ಎಂಬ ಭಯ ಸಿಂಹಳದ ಸರ್ಕಾರಕ್ಕೂ ತೋಟದ ಒಡೆಯರಿಗೂ ಹುಟ್ಟಿತು. ಹೀಗಾಗಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಸಿಂಹಳ ಸರ್ಕಾರವು ಭಾರತದ ನೆಲದಲ್ಲಿಯೇ, ಮಂಡಪಂನಲ್ಲಿ, ಒಂದು ತಡೆಶಿಬಿರವನ್ನು ನಡೆಸತೊಡಗಿತು. ದ್ವೀಪಕ್ಕೆ ಹೋಗುವ ಕೂಲಿಗಳನ್ನು ಅಲ್ಲಿ ಕೆಲವು ದಿನ ಇರಿಸಿಕೊಂಡು ಮೈಯಲ್ಲಿ ರೋಗವಿದೆಯೇ ಎಂದು ನೋಡುತ್ತಿದ್ದರು. ಸಿಡುಬಿನ ದೇವಿ ಹಾಕುತ್ತಿದ್ದರು. ಬಟ್ಟೆಬರೆಗಳನ್ನು ಶುದ್ಧಗೊಳಿಸುತ್ತಿದ್ದರು. ಕೊಕ್ಕೆಹುಳುವಿಗೂ ಔಷಧ ಕೊಡುವ ರೂಢಿ ಆಮೇಲೆ ಬಂತು. ಯಾವ ತೋಟಕ್ಕೆ ಸೇರಿದ ಕೂಲಿ ಎಂದು ತಿಳಿಯಲು ಸಂಖ್ಯೆ ಕೊರೆದ ತಗಡಿನ ಬಿಲ್ಲೆಯೊಂದನ್ನು ಅವರಿಗೆ ಕೊಡುವ ಪದ್ಧತಿಯೂ ಇತ್ತು.

ಹೊಸದಾಗಿ ಬಂದವರನ್ನು ಪ್ರತ್ಯೇಕವಾಗಿ ಇರಿಸುವ ಈ ಉಪಾಯ ಬಹಳ ಹಳೆಯದು. 14ನೆಯ ಶತಮಾನದಲ್ಲಿ ಯುರೋಪಿನಲ್ಲಿ ಪ್ಲೇಗ್ ಹರಡಿದಾಗ ಏಡ್ರಿಯಾಟಿಕ್ ಸಮುದ್ರದ ಬಂದರುಗಳು ಬರುವ ಹಡಗುಗಳನ್ನು ಮೊದಲು ಮೂವತ್ತು ದಿನ, ಆಮೇಲೆ ನಲವತ್ತು ದಿನ ತಡೆದು ನಿಲ್ಲಿಸಿದವು. ಇಟಲಿಯ ಭಾಷೆಯಲ್ಲಿ ನಲವತ್ತು ಎಂಬ ಅರ್ಥದ ಮಾತೇ 'ಕ್ವಾರಂಟೈನ್' ಆಯಿತು. 2020ರಲ್ಲಿ ಕೊರೋನಾ ಬಂದಾಗ ನಮ್ಮ ಹಳ್ಳಿಹಳ್ಳಿಯ ಅಜ್ಜಿಯರ ಬಾಯಲ್ಲೂ ಈ ಮಾತು ಓಡಾಡಿತು.

ಮಂಡಪಂನ ತಪಾಸಣೆಯಿಂದ ಪ್ರಯೋಜನವೇ ಆಗಲಿಲ್ಲ ಎನ್ನಲಾಗದು. ದೇವಿ ಹಾಕಿಸಿಕೊಂಡವರನ್ನು ಸಿಡುಬು ಮುಟ್ಟಲಿಲ್ಲ. ಆದರೆ ಒಂದು ಮಾತನ್ನು ಗಮನಿಸಿರಿ. ಅಲ್ಲಿ ಕೇಳುತ್ತಿದ್ದ ಮುಖ್ಯ ಪ್ರಶ್ನೆ, 'ಈ ಮನುಷ್ಯನಿಂದ ತೋಟಕ್ಕೆ ಅಪಾಯವಿದೆಯೇ? ಇವನು ಕೆಲಸಕ್ಕೆ ಆಗುತ್ತಾನೆಯೇ?' ಎಂಬುದು. 'ಈ ಮನುಷ್ಯನಿಗೆ ಏನು ಬೇಕಾಗಿದೆ?' ಎಂದು ಕೇಳುವವರು ಕಡಿಮೆ.

ಭಾರತ ಸರ್ಕಾರವು 1939ರಲ್ಲಿ ಕೂಲಿಗಳು ಸಿಂಹಳಕ್ಕೆ ಹೋಗುವುದನ್ನು ನಿಲ್ಲಿಸಿತು. ದ್ವೀಪವು 1948ರಲ್ಲಿ ಸ್ವತಂತ್ರವಾದ ಮೇಲೆ ಅಲ್ಲಿ ಬಂದ ಪೌರತ್ವ ಕಾನೂನಿನಿಂದಾಗಿ ತೋಟದ ತಮಿಳರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಅವರು ಒಂದು ಒಪ್ಪಂದ ಮಾಡಿಕೊಂಡರು. 9,75,000 ಜನರ ಪೈಕಿ 5,25,000 ಜನರನ್ನು ಭಾರತ ಸ್ವೀಕರಿಸಬೇಕು, 3,00,000 ಜನರಿಗೆ ಸಿಂಹಳ ಪೌರತ್ವ ಕೊಡಬೇಕು, ಉಳಿದವರ ವಿಷಯ ಆಮೇಲೆ ಎಂದು ತೀರ್ಮಾನವಾಯಿತು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಎರಡು ದೇಶಗಳೂ ಸಮನಾಗಿ ಹಂಚಿಕೊಂಡವು. ಕಾಗದದ ಮೇಲೆ ಜನರನ್ನು ಹೀಗೆ ಭಾಗ ಮಾಡಿದ ಲೆಕ್ಕ ಓದಿದಾಗ ಮನಸ್ಸಿಗೆ ಹೇಗೋ ಆಗುತ್ತದೆ.

1968ರಿಂದ ಕುಟುಂಬಗಳು ಹೆಚ್ಚಾಗಿ ಬರತೊಡಗಿದವು. 1964ರ ಡಿಸೆಂಬರ್ ತಿಂಗಳ ಚಂಡಮಾರುತದಲ್ಲಿ ಧನುಷ್ಕೋಡಿ ಹಾಳಾಗಿದ್ದುದರಿಂದ ತಲೈಮನ್ನಾರ್‌ನಿಂದ ಹೊರಟ ಹಡಗು ರಾಮೇಶ್ವರಕ್ಕೆ ಬರುತ್ತಿತ್ತು. ಇಳಿದವರನ್ನು ಮೊದಲು ಎಲ್ಲಿ ಇರಿಸಿದರು ಗೊತ್ತೇ? ಅದೇ ಮಂಡಪಂ ಶಿಬಿರದಲ್ಲಿ! ತಾತ ದೇವಿ ಹಾಕಿಸಿಕೊಂಡು ಹೊರಟ ಜಾಗಕ್ಕೇ ಮೊಮ್ಮಗ ಹೆಂಡತಿ ಮಕ್ಕಳೊಡನೆ ಬಂದಿಳಿದನು. ಅವನ ಕೈಯಲ್ಲಿ ತಗಡಿನ ಬಿಲ್ಲೆಗೆ ಬದಲಾಗಿ ಭಾರತ ಸರ್ಕಾರದ ಕುಟುಂಬ ಕಾರ್ಡು ಇತ್ತು. ಪುನರ್ವಸತಿಯ ನೆರವು ಪಡೆಯಲು ಅದು ಬಹಳ ಮುಖ್ಯವಾದ ಕಾಗದ. ಇವರನ್ನು ನಿರಾಶ್ರಿತರೆಂದು ಕರೆಯುವುದು ಕಾನೂನಿನ ಪ್ರಕಾರ ಸರಿಯಲ್ಲ, ಏಕೆಂದರೆ ಅವರು ಭಾರತದ ಪೌರರಾಗಿಯೇ ಬಂದರು. ತಮಿಳಿನಲ್ಲಿ ಅವರನ್ನು ತಾಯ್ನಾಡಿಗೆ ಮರಳಿದವರು ಎಂಬ ಅರ್ಥ ಬರುವ ಮಾತಿನಿಂದ ಕರೆಯುತ್ತಾರೆ. ಆದರೆ ಇವರಲ್ಲಿ ಬಹುಪಾಲು ಜನ ಹುಟ್ಟಿದ್ದು ದ್ವೀಪದಲ್ಲಿ. ತಾಯ್ನಾಡನ್ನು ಕಂಡದ್ದು ಅದೇ ಮೊದಲು.

ಅವರಲ್ಲಿ ಸಾವಿರಾರು ಕುಟುಂಬಗಳು ನೀಲಗಿರಿಗೆ ಬಂದವು. ಅವರಿಗೆ ಉದ್ಯೋಗ ಕೊಡುವುದಕ್ಕಾಗಿಯೇ ತಮಿಳುನಾಡು ಸರ್ಕಾರವು 1968ರಲ್ಲಿ ಅರಣ್ಯ ಇಲಾಖೆಯ ಮೂಲಕ ಚಹಾ ತೋಟಗಳನ್ನು ಬೆಳೆಸತೊಡಗಿತು. 1976ರಲ್ಲಿ ಅದು 'ಟ್ಯಾನ್‌ಟೀ' ಎಂದು ಹೆಸರಾದ ಸರ್ಕಾರಿ ಕಂಪನಿಯಾಯಿತು. ಕೋತಗಿರಿ, ಗೂಡಲೂರು, ಪಂದಲೂರು, ಚೇರಂಬಾಡಿಗಳ ಕಡೆ ಇಂದಿಗೂ ಆ ತೋಟಗಳನ್ನೂ ಲೈನ್ ಮನೆಗಳನ್ನೂ ಕಾಣಬಹುದು. ಬಡಗರ ಹಟ್ಟಿಗಳ ಪಕ್ಕದಲ್ಲಿ ಹೊಸ ಕಾಲೋನಿಗಳು ಎದ್ದವು. ಬಡಗ ಎಂಬ ಮಾತಿಗೆ ಬಡಗಣ ದಿಕ್ಕಿನಿಂದ ಬಂದವರು ಎಂದೇ ಅರ್ಥ. ತಮ್ಮ ಹಿರಿಯರು ಮೈಸೂರಿನ ಕಡೆಯಿಂದ ಬಂದರೆಂದು ಬಡಗರೂ ಹೇಳಿಕೊಳ್ಳುತ್ತಾರೆ. ಈ ಬೆಟ್ಟದಲ್ಲಿ ಹೊಸಬರು ಎಂಬುದು ಎಷ್ಟು ಕಾಲದ ಮಾತು ಎಂದು ಯೋಚಿಸಿ ನೋಡಿ.

ಈಗ ನಮ್ಮ ವಿಷಯಕ್ಕೆ ಬರೋಣ. ಹಾಗೆ ಬಂದ ಕುಟುಂಬ ಯಾವ ಸ್ಥಿತಿಯಲ್ಲಿ ಬಂದಿರಬಹುದು? 1973 ಮತ್ತು 1974ರಲ್ಲಿ ಸಿಂಹಳದಲ್ಲಿ ಆಹಾರದ ಕೊರತೆ ತೀವ್ರವಾಯಿತು. ಅಕ್ಕಿ, ಹಿಟ್ಟು, ಸಕ್ಕರೆಯ ಪಡಿತರ ಇಳಿಯಿತು. ಬೇರೆಯವರಿಗೆ ತುಂಡು ಹೊಲವಾದರೂ ಇತ್ತು. ತೋಟದ ಕೂಲಿಗಳಿಗೆ ಕೊಂಡು ತಿನ್ನುವುದೊಂದೇ ದಾರಿ. ತೋಟಗಳಲ್ಲಿ ಸಾವಿನ ಪ್ರಮಾಣ ಏರಿತು. ಆ ವರ್ಷಗಳಲ್ಲಿ ಹಡಗು ಹತ್ತಿದವರ ಮೈಯಲ್ಲಿ ಆ ಹಸಿವೂ ಇತ್ತು. ಹೊರಗಿನಿಂದ ನೋಡಿದರೆ ತೆಳ್ಳಗಿನ ಹೆಂಗಸು ಎನ್ನಿಸಬಹುದು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಭಾಗ ಬಿಳಚಿಕೊಂಡಿರುತ್ತದೆ. ಅದು ರಕ್ತಹೀನತೆಯ ಗುರುತು.

ಚಹಾ ತೋಟದಲ್ಲಿ ರಕ್ತಹೀನತೆಗೆ ಇನ್ನೊಂದು ಕಾರಣವೂ ಉಂಟು. ಕೊಕ್ಕೆಹುಳುವಿನ ಮೊಟ್ಟೆಗಳು ಮಲದೊಡನೆ ಮಣ್ಣನ್ನು ಸೇರುತ್ತವೆ. ನೆರಳು ಮತ್ತು ತೇವ ಇರುವ ಮಣ್ಣಿನಲ್ಲಿ ಅವು ಮರಿಗಳಾಗುತ್ತವೆ. ಬರಿಗಾಲಿನಲ್ಲಿ ನಡೆಯುವವರ ಪಾದದ ಚರ್ಮವನ್ನು ತೂರಿಕೊಂಡು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತವೆ. ಅಲ್ಲಿಂದ ಗಂಟಲಿಗೆ ಬಂದು, ನುಂಗಿದಾಗ ಕರುಳನ್ನು ಸೇರಿ, ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತವೆ. ನಿಮ್ಮ ಶಾಲೆಯಲ್ಲಿ ಕೊಡುವ ಹುಳುವಿನ ಮಾತ್ರೆ ಇಂಥ ಹುಳುಗಳಿಗಾಗಿಯೇ. 2015ರಿಂದ ನಮ್ಮ ದೇಶದಲ್ಲಿ ಫೆಬ್ರವರಿ 10ನ್ನು ಹುಳು ನಿವಾರಣೆಯ ದಿನವಾಗಿ ಆಚರಿಸುತ್ತಾರೆ. ಮಾತ್ರೆ ನುಂಗಿದರೆ ಹುಳು ಸಾಯುತ್ತದೆ ನಿಜ. ಆದರೆ ಲೈನ್ ಮನೆಗೆ ಶೌಚಾಲಯವಿಲ್ಲದೆ, ಕಾಲಿಗೆ ಚಪ್ಪಲಿಯಿಲ್ಲದೆ ಇದ್ದರೆ ಕೆಲವೇ ತಿಂಗಳಲ್ಲಿ ಹುಳು ಮತ್ತೆ ಬರುತ್ತದೆ. 1951ರ ತೋಟ ಕಾರ್ಮಿಕರ ಕಾನೂನು ಕುಡಿಯುವ ನೀರು, ಶೌಚಾಲಯ, ವಾಸದ ಮನೆ ಮತ್ತು ಚಿಕಿತ್ಸೆಯ ಸೌಲಭ್ಯಗಳನ್ನು ಒಟ್ಟಿಗೇ ತೋಟದ ಒಡೆಯರ ಹೊಣೆಯಾಗಿ ಮಾಡಿತು. ಆಸ್ಪತ್ರೆಯ ಜೊತೆಗೆ ಶೌಚಾಲಯದ ಮಾತನ್ನೂ ಕಾನೂನು ಏಕೆ ಆಡಿತು ಎಂಬುದು ಈಗ ನಿಮಗೆ ತಿಳಿದಿರಬೇಕು.

ಇನ್ನು ಕ್ಷಯರೋಗ. ಇದರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಕ್ಷಯದ ರೋಗಾಣು ಗಾಳಿಯ ಮೂಲಕ ಹರಡುತ್ತದೆ. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವ ಶಿಬಿರದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸುಲಭವಾಗಿ ದಾಟುತ್ತದೆ. ಆದರೆ ಮೈಸೇರಿದ ಕೂಡಲೇ ಅದು ರೋಗವಾಗಬೇಕೆಂದಿಲ್ಲ. ಎಷ್ಟೋ ಜನರಲ್ಲಿ ವರ್ಷಗಟ್ಟಲೆ ನಿದ್ರಿಸುತ್ತಿರುತ್ತದೆ. ಹಸಿವು, ಅತಿಯಾದ ದುಡಿಮೆ, ಸಕ್ಕರೆ ಕಾಯಿಲೆ ಇವುಗಳಿಂದ ಮೈ ಸೋತಾಗ ಎಚ್ಚರಗೊಳ್ಳುತ್ತದೆ. ಬಂದ ದಿನ ಎಕ್ಸ್‌ರೇ ತೆಗೆದು 'ಏನೂ ಇಲ್ಲ' ಎಂದು ಬರೆದುಕೊಟ್ಟ ಚೀಟಿ ಅಂದಿನ ಮಟ್ಟಿಗೆ ನಿಜ. ಎರಡು ವರ್ಷಗಳ ನಂತರ ಹೊಸ ಊರಿನಲ್ಲಿ ಅದೇ ಮನುಷ್ಯನಿಗೆ ಕೆಮ್ಮು ಬಂದರೆ ಹಳೆಯ ಚೀಟಿಯನ್ನು ನಂಬಿ ಕುಳಿತುಕೊಳ್ಳಬಾರದು.

ಇದರ ಸತ್ಯವನ್ನು ಕರ್ನಾಟಕದಲ್ಲಿ ನೆಲೆಸಿದ ಟಿಬೆಟ್ಟಿನ ಜನರ ಅನುಭವದಿಂದ ಕಲಿಯಬಹುದು. 1959ರಲ್ಲಿ ಹಿಮಾಲಯವನ್ನು ದಾಟಿ ಬಂದವರಿಗೆ ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960ರಿಂದ ಅಲ್ಲಿ ಮನೆಗಳು ಎದ್ದವು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಬಳಿಯ ಒಡೆಯರಪಾಳ್ಯಗಳಲ್ಲಿಯೂ ನೆಲೆಗಳಾದವು. ಚಳಿಯ ಎತ್ತರದ ನಾಡಿನಲ್ಲಿ ಹುಟ್ಟಿ ಬೆಳೆದವರು ಬಯಲಿನ ಬಿಸಿಲಿನಲ್ಲಿ ಕಾಡು ಕಡಿದು ಜೋಳ ಬಿತ್ತಿದರು. ಅವರನ್ನು ಬಿಡದೆ ಕಾಡಿದ ರೋಗ ಕ್ಷಯ. ಅರುವತ್ತು ವರ್ಷಗಳಾದರೂ ಅದು ಹೋಗಿರಲಿಲ್ಲ. ಭಾರತದಲ್ಲಿ ಹುಟ್ಟಿದ ಮೊಮ್ಮಕ್ಕಳು ವಸತಿ ಶಾಲೆಗಳಲ್ಲಿ ಮತ್ತು ಮಠಗಳಲ್ಲಿ ಒಟ್ಟಿಗೆ ಮಲಗುವವರು. 2017ರಲ್ಲಿ ಟಿಬೆಟ್ಟಿನ ವೈದ್ಯರು ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯ ನೇತೃತ್ವದಲ್ಲಿ ಒಂದು ಹೊಸ ಕಾರ್ಯಕ್ಕೆ ಕೈಹಾಕಿದರು. ರೋಗಿ ಬರಲಿ ಎಂದು ಕಾಯದೆ ತಾವೇ ಶಾಲೆಗಳಿಗೆ ಹೋಗಿ ಸಾವಿರಾರು ಮಕ್ಕಳನ್ನು ಪರೀಕ್ಷಿಸಿದರು. ಸುಮಾರು ಐದು ಮಕ್ಕಳಲ್ಲಿ ಒಂದು ಮಗುವಿನ ಮೈಯಲ್ಲಿ ನಿದ್ರಿಸುವ ರೋಗಾಣು ಇತ್ತು. ಆ ಮಕ್ಕಳು ಆಡುತ್ತಿದ್ದರು, ಓದುತ್ತಿದ್ದರು. ಯಾರಿಗೂ ಸಂಶಯ ಬರುವಂತಿರಲಿಲ್ಲ. ರೋಗವಾಗುವ ಮೊದಲೇ ಅವರಿಗೆ ಕೆಲವು ತಿಂಗಳು ಔಷಧ ಕೊಟ್ಟು ರೋಗವನ್ನು ತಡೆಯುವ ಕೆಲಸ ನಡೆಯಿತು.

ತಪಾಸಣೆಗೆ ಯಂತ್ರ, ಔಷಧಗಳಿಗಿಂತಲೂ ಮೊದಲು ಬೇಕಾದದ್ದು ಒಂದಿದೆ. ಅದೇನೆಂದು ಒಂದು ಸಂದರ್ಭವನ್ನು ಕಲ್ಪಿಸಿಕೊಂಡು ನೋಡೋಣ. ಬೆಟ್ಟದ ಮೇಲಿನ ಒಂದು ಕಾಲೋನಿಗೆ ಹೊಸ ಕುಟುಂಬ ಬಂದಿದೆ. ಆರೋಗ್ಯ ಕೇಂದ್ರದ ದಾದಿ ಮನೆ ಬಾಗಿಲಿಗೆ ಬರುತ್ತಾಳೆ.

"ಅಮ್ಮಾ, ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ಕೆಮ್ಮು ಇದೆಯಾ?"

"ಯಾರಿಗೂ ಇಲ್ಲಮ್ಮಾ. ಎಲ್ಲರೂ ಚೆನ್ನಾಗಿದ್ದೇವೆ."

ಒಳಗಿನಿಂದ ಕೆಮ್ಮಿನ ಸದ್ದು ಕೇಳುತ್ತದೆ. ತಾಯಿ ತಲೆ ತಗ್ಗಿಸುತ್ತಾಳೆ.

ಆಕೆ ಸುಳ್ಳು ಹೇಳಿದಳೆಂದು ನಾವು ಕೋಪಿಸಿಕೊಳ್ಳಬಹುದೇ? ಕೆಮ್ಮಿದವರನ್ನು ಹಡಗಿಗೆ ಹತ್ತಿಸದೆ ಬಿಟ್ಟ ಕಥೆಯನ್ನು ಆಕೆ ಹಿರಿಯರ ಬಾಯಿಂದ ಕೇಳಿರಬಹುದು. ರೋಗವಿದೆ ಎಂದು ತಿಳಿದರೆ ಗಂಡನ ಕೆಲಸ ಹೋದೀತು, ಮನೆ ಹೋದೀತು, ನೆರೆಯವರು ನೀರು ಹಿಡಿಯಲು ಬಿಡಲಿಕ್ಕಿಲ್ಲ ಎಂಬ ಅಂಜಿಕೆ ಆಕೆಗಿದೆ. ಇಂಥ ಅಂಜಿಕೆಗೆ ಲೋಕದಲ್ಲಿ ಆಧಾರವಿಲ್ಲದೆ ಇಲ್ಲ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದವರ ಅಂಗಿಯ ಮೇಲೆ ವೈದ್ಯರು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಕಣ್ಣಿನ ಟ್ರಕೋಮಾ ರೋಗವಿದ್ದವರನ್ನು ಬಂದ ದಾರಿಗೇ ಕಳುಹಿಸುತ್ತಿದ್ದರು. ಎಚ್.ಐ.ವಿ. ಸೋಂಕು ಇರುವವರು ಅಮೆರಿಕಕ್ಕೆ ಬರಬಾರದೆಂಬ ನಿಯಮ 2010ರ ಜನವರಿಯವರೆಗೂ ಇತ್ತು. ಪರೀಕ್ಷೆಯ ಫಲ ಹೊರಗೆ ಹಾಕುವುದೇ ಆದರೆ ಯಾರು ತಾನೆ ನಿಜ ಹೇಳುತ್ತಾರೆ?

ನಮ್ಮ ದಾದಿ ಬುದ್ಧಿವಂತೆ. ಆಕೆ ಪುಸ್ತಕ ಮುಚ್ಚಿ ಜಗಲಿಯ ಮೇಲೆ ಕುಳಿತುಕೊಳ್ಳುತ್ತಾಳೆ. "ಕ್ಷಯ ಇದ್ದರೂ ಹೆದರಬೇಡಿ, ಅಮ್ಮಾ. ಕಫ ಪರೀಕ್ಷೆಗೆ ಹಣವಿಲ್ಲ. ಔಷಧಕ್ಕೂ ಹಣವಿಲ್ಲ. ಆರು ತಿಂಗಳು ಬಿಡದೆ ನುಂಗಿದರೆ ವಾಸಿಯಾಗುತ್ತದೆ. ಊಟಕ್ಕೆಂದು ಸರ್ಕಾರ ತಿಂಗಳು ತಿಂಗಳು ಸ್ವಲ್ಪ ಹಣವನ್ನೂ ಕೊಡುತ್ತದೆ" ಎಂದು ಹೇಳುತ್ತಾಳೆ. ಇದು ಬರಿಯ ಸಮಾಧಾನದ ಮಾತಲ್ಲ. ಕ್ಷಯರೋಗಿಗಳ ಆಹಾರಕ್ಕಾಗಿ ಕೇಂದ್ರ ಸರ್ಕಾರವು 2018ರಲ್ಲಿ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿಯಾಗಿದೆ. ಎರಡು ಮೂರು ವಾರ ಸರಿಯಾದ ಔಷಧ ಸೇವಿಸಿದರೆ ಬಹುಮಟ್ಟಿಗೆ ರೋಗ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ಈ ಮಾತು ನೆರೆಯವರಿಗೂ ತಿಳಿದಿರಬೇಕು.

ಹೊಸದಾಗಿ ಬಂದವರ ಬಳಿ ಹಳೆಯ ಕಾಗದಗಳು ಇರುವುದಿಲ್ಲ ಎಂದು ಮೊದಲೇ ಹೇಳಿದೆವು. ಮಗುವಿಗೆ ಲಸಿಕೆ ಹಾಕಿದೆಯೋ ಇಲ್ಲವೋ ತಿಳಿಯದಿದ್ದರೆ ಏನು ಮಾಡಬೇಕು? ಹಾಕಿಲ್ಲವೆಂದೇ ಭಾವಿಸಿ, ವಯಸ್ಸಿಗೆ ತಕ್ಕಂತೆ ಹಾಕಬೇಕು ಎಂಬುದು ವೈದ್ಯರು ಅನುಸರಿಸುವ ಕ್ರಮ. ದಡಾರದ ಲಸಿಕೆಯನ್ನು ಎರಡನೆಯ ಸಲ ಹಾಕಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಾಕದೆ ಬಿಟ್ಟರೆ ಜನ ಕಿಕ್ಕಿರಿದ ಶಿಬಿರದಲ್ಲಿ ದಡಾರ ಬೆಂಕಿಯಂತೆ ಹಬ್ಬುತ್ತದೆ. ಬಸುರಿಯರನ್ನು, ಬಾಣಂತಿಯರನ್ನು ಮೊದಲು ನೋಡಬೇಕು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು ಯಾವ ನೋವೂ ಇಲ್ಲದೆ ತಾಯಿಯ ಮೈಯಲ್ಲಿದ್ದು ಹೆರಿಗೆಯ ಸಮಯದಲ್ಲಿ ಮಗುವಿಗೆ ದಾಟಬಲ್ಲುದು. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಲಸಿಕೆ ಹಾಕಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ಹಲ್ಲು, ಕಣ್ಣು, ಕಿವಿ ಇವನ್ನು ಅವಸರದಲ್ಲಿ ಯಾರೂ ನೋಡುವುದಿಲ್ಲ. ಕಿವಿ ಸರಿಯಾಗಿ ಕೇಳಿಸದ ಹುಡುಗನನ್ನು ಹೊಸ ಶಾಲೆಯಲ್ಲಿ ಭಾಷೆ ಬಾರದವನೆಂದು ಹಿಂದಿನ ಬೆಂಚಿನಲ್ಲಿ ಕೂರಿಸಿಬಿಡುತ್ತಾರೆ.

ಬೇರೆ ಬೇರೆ ಕಡೆಯಿಂದ ಬಂದವರ ಅಗತ್ಯಗಳು ಒಂದೇ ರೀತಿ ಇರುವುದಿಲ್ಲ. ಭೂತಾನಿನಿಂದ ಹೊರಬಿದ್ದ ನೇಪಾಳಿ ಭಾಷೆಯ ಜನರು 1990ರ ದಶಕದ ಆರಂಭದಿಂದ ನೇಪಾಳದ ಶಿಬಿರಗಳಲ್ಲಿದ್ದರು. 2007ರ ನಂತರ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅಮೆರಿಕ ಮುಂತಾದ ದೇಶಗಳಲ್ಲಿ ನೆಲೆ ದೊರೆಯಿತು. ಅಲ್ಲಿನ ವೈದ್ಯರು ಎಂದಿನಂತೆ ಕ್ಷಯ, ಹುಳು ಎಂದು ಪರೀಕ್ಷಿಸಿದರು. ಆದರೂ ಹಲವರು ಕಾಲು ಜುಮ್ಮೆನ್ನುತ್ತದೆ, ಮರೆವು ಬರುತ್ತದೆ, ನಿಶ್ಶಕ್ತಿ ಎನ್ನುತ್ತಿದ್ದರು. ರಕ್ತ ಪರೀಕ್ಷೆ ಮಾಡಿದಾಗ ಬಿ12 ಎಂಬ ಜೀವಸತ್ತ್ವ ಬಹಳ ಕಡಿಮೆಯಾಗಿತ್ತು. ಹದಿನೈದು ಇಪ್ಪತ್ತು ವರ್ಷ ಅವರು ಉಂಡದ್ದು ಶಿಬಿರದ ಪಡಿತರದ ಅಕ್ಕಿ ಮತ್ತು ಬೇಳೆ. ಹಾಲು, ಮೊಟ್ಟೆ, ಮಾಂಸಗಳಲ್ಲಿ ಸಿಗುವ ಈ ಸತ್ತ್ವ ಅಕ್ಕಿ ಬೇಳೆಯಲ್ಲಿ ಇಲ್ಲ. 'ನೀವು ಇಷ್ಟು ದಿನ ಏನು ಉಣ್ಣುತ್ತಿದ್ದಿರಿ?' ಎಂದು ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತೇನೋ.

ಮನಸ್ಸಿನ ನೋವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. 1983ರ ಜುಲೈ ತಿಂಗಳಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ಭೀಕರ ಹಿಂಸೆ ನಡೆಯಿತು. ಆಮೇಲೆ ದೋಣಿ ಹತ್ತಿ ಬಂದವರು ಒಪ್ಪಂದದ ಪ್ರಕಾರ ಬಂದವರಲ್ಲ. ಪ್ರಾಣ ಉಳಿಸಿಕೊಳ್ಳಲು ಬಂದ ನಿರಾಶ್ರಿತರು. ಮಂಡಪಂ ಶಿಬಿರದ ಬಾಗಿಲು ಮೂರನೆಯ ಸಲ ತೆರೆಯಿತು. ತಮಿಳುನಾಡಿನಲ್ಲಿ ಅವರಿಗಾಗಿ ನೂರಕ್ಕೂ ಹೆಚ್ಚು ಶಿಬಿರಗಳಾದವು. 2021ರಲ್ಲಿ ರಾಜ್ಯ ಸರ್ಕಾರವು ಅವುಗಳ ಹೆಸರನ್ನು ಪುನರ್ವಸತಿ ಶಿಬಿರಗಳು ಎಂದು ಬದಲಿಸಿತು. ಮನೆ ಸುಟ್ಟದ್ದನ್ನು ಕಂಡವರು, ಬಂಧುಗಳನ್ನು ಕಳೆದುಕೊಂಡವರು ವೈದ್ಯರ ಬಳಿಗೆ ಬಂದು 'ನನಗೆ ದುಃಖವಾಗಿದೆ' ಎನ್ನುವುದಿಲ್ಲ. ತಲೆನೋವು, ಎದೆಯುರಿ, ಊಟ ಸೇರುವುದಿಲ್ಲ ಎನ್ನುತ್ತಾರೆ. ಮಾತ್ರೆ ಕೊಟ್ಟು ಕಳುಹಿಸಿದರೆ ಮುಂದಿನ ವಾರ ಮತ್ತೆ ಬರುತ್ತಾರೆ. ಅನುಭವವಿರುವ ವೈದ್ಯರು 'ರಾತ್ರಿ ನಿದ್ದೆ ಬರುತ್ತದೆಯೇ?' ಎಂದು ಕೇಳುತ್ತಾರೆ. ಕೆಲವೊಮ್ಮೆ ಅದೊಂದೇ ಪ್ರಶ್ನೆಗೆ ಅರ್ಧ ಗಂಟೆಯ ಉತ್ತರ ಬರುತ್ತದೆ. ಆ ಅರ್ಧ ಗಂಟೆ ಬಿಡುವು ಇರುವ ವೈದ್ಯರು ನಮ್ಮಲ್ಲಿ ಕಡಿಮೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆ ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದೂ ಮುಖ್ಯ. ಬೈಲುಕುಪ್ಪೆಯ ಅಜ್ಜಿ ಟಿಬೆಟ್ಟಿನ ಭಾಷೆಯಲ್ಲಿ ನೋವನ್ನು ಹೇಳಿದರೆ ಕನ್ನಡದ ವೈದ್ಯರಿಗೆ ತಿಳಿಯದು. ನೀಲಗಿರಿಯ ಆಸ್ಪತ್ರೆಯ ಬಾಗಿಲಲ್ಲಿ ನಿಂತರೆ ತಮಿಳು, ಬಡಗ, ಕನ್ನಡ, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ತಾಯಿಯ ಜೊತೆ ಬಂದು ಮಾತನ್ನು ದಾಟಿಸುತ್ತಾರೆ. ನಿಮ್ಮಲ್ಲಿಯೂ ಕೆಲವರು ಹಾಗೆ ಹೋಗಿರಬಹುದು. ಆದರೆ ತಾಯಿ ತನ್ನ ಎಲ್ಲ ನೋವನ್ನೂ ಮಗನ ಮುಂದೆ ಹೇಳಿಕೊಳ್ಳಲು ಸಾಧ್ಯವಿಲ್ಲ. ಅಂಥ ಸಂದರ್ಭಕ್ಕೆ ಅದೇ ಭಾಷೆಯ ಒಬ್ಬ ಹೆಂಗಸು ಆಸ್ಪತ್ರೆಯಲ್ಲಿ ಇರುವುದು ಒಳ್ಳೆಯದು.

ನಮ್ಮ ದಾದಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಎರಡು ದಿನಗಳ ನಂತರ ಆ ತಾಯಿ ಕೆಮ್ಮುವ ಗಂಡನನ್ನು ಆರೋಗ್ಯ ಕೇಂದ್ರಕ್ಕೆ ಕರೆತರುತ್ತಾಳೆ. ಕಫದಲ್ಲಿ ರೋಗಾಣು ಕಂಡುಬರುತ್ತದೆ. ಔಷಧ ಆರಂಭವಾಗುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತು, ಮೈ ಸ್ವಲ್ಪ ತುಂಬಿಕೊಂಡು, ಆತ ಕೆಲಸ ಹುಡುಕಿಕೊಂಡು ಕೆಳಗಿನ ಊರಿಗೆ ಹೋಗುವ ಮಾತೆತ್ತುತ್ತಾನೆ. ಅಪಾಯವಿರುವುದು ಇಲ್ಲಿಯೇ. ನಡುವೆ ಔಷಧ ಬಿಟ್ಟರೆ ರೋಗಾಣು ಆ ಔಷಧಕ್ಕೆ ಬಗ್ಗದಂತಾಗಬಹುದು. ದಾದಿ ಅವನ ಕಾಗದವನ್ನು ಬರೆದು, ಹೋಗುವ ಊರಿನ ಆರೋಗ್ಯ ಕೇಂದ್ರದ ಹೆಸರನ್ನು ಕೇಳಿ, ಅಲ್ಲಿಗೂ ತಿಳಿಸುತ್ತಾಳೆ. ಆಮೇಲೆ ಮನೆಯಲ್ಲಿದ್ದ ಇಬ್ಬರು ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯುತ್ತಾಳೆ. ಮಕ್ಕಳಿಗೆ ರೋಗವಿಲ್ಲ. ಆದರೂ ರೋಗ ಬಾರದಂತೆ ತಡೆಯುವ ಮಾತ್ರೆಯನ್ನು ಕೊಡುತ್ತಾಳೆ.

"ಕಾಯಿಲೆ ಇಲ್ಲದ ಮಕ್ಕಳಿಗೆ ಮಾತ್ರೆ ಏಕಮ್ಮಾ?" ಎಂದು ತಾಯಿ ಕೇಳುತ್ತಾಳೆ.

ದಾದಿ ಮತ್ತೆ ಜಗಲಿಯ ಮೇಲೆ ಕುಳಿತುಕೊಂಡು ಮೊದಲಿನಿಂದ ಹೇಳತೊಡಗುತ್ತಾಳೆ.

ಪದಗಳ ಅರ್ಥ
ತಡೆಶಿಬಿರ – ರೋಗ ಹರಡದಂತೆ ಜನರನ್ನು ಪ್ರತ್ಯೇಕವಾಗಿ ಇರಿಸುವ ಸ್ಥಳ
ದೇವಿ ಹಾಕು – ಸಿಡುಬಿನ ಲಸಿಕೆ ಹಾಕು
ಲೈನ್ ಮನೆ – ತೋಟದ ಕೆಲಸಗಾರರಿಗಾಗಿ ಸಾಲಾಗಿ ಕಟ್ಟಿದ ಮನೆ
ಬಡಗಣ – ಉತ್ತರ ದಿಕ್ಕಿನ
ಯಕೃತ್ತು – ಪಿತ್ತಜನಕಾಂಗ

ಅಭ್ಯಾಸ
1. ಮಂಡಪಂ ಶಿಬಿರವು ಮೂರು ಕಾಲಗಳಲ್ಲಿ ಯಾರು ಯಾರಿಗಾಗಿ ಬಳಕೆಯಾಯಿತು?
2. ಚಹಾ ತೋಟದ ಕೆಲಸಗಾರರಲ್ಲಿ ರಕ್ತಹೀನತೆ ಉಂಟಾಗಲು ಎರಡು ಕಾರಣಗಳನ್ನು ಬರೆಯಿರಿ.
3. ಕೆಮ್ಮು ಇಲ್ಲವೆಂದು ತಾಯಿ ಏಕೆ ಹೇಳಿದಳು? ನೀವು ದಾದಿಯಾಗಿದ್ದರೆ ಏನು ಹೇಳುತ್ತಿದ್ದಿರಿ?
4. ನಿಮ್ಮ ಲಸಿಕೆಯ ಕಾರ್ಡು ಮನೆಯಲ್ಲಿ ಎಲ್ಲಿದೆ ಎಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿರಿ.